ಈ ದಶಕದ ಲೋಕದ ಸುದ್ದಿ, ನಮ್ಮ ಲೆಡ್ಜರ್ ಪುಸ್ತಕದಲ್ಲಿ

(ಮಹಿಳಾ ಸ್ವ-ಸಹಾಯ ಸಂಘಗಳ ಒಕ್ಕೂಟದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನನಗೆ ಕೊಟ್ಟಿರುವ ವಿಷಯ “ಈ ದಶಕದ ಪ್ರಮುಖ ಜಾಗತಿಕ ಘಟನೆಗಳು ಮತ್ತು ನಿರೀಕ್ಷೆಗಳು”. ಆಮಂತ್ರಣ ಪತ್ರಿಕೆಯಲ್ಲಿ ಇದನ್ನು ನೋಡಿ ನಿಮ್ಮಲ್ಲೇ ಒಬ್ಬರು ನನಗೆ ಫೋನ್ ಮಾಡಿದರು. “ಸಿಸ್ಟರ್, ಇದೆಲ್ಲ ಟಿವಿಯವರಿಗೆ ಬಿಡಿ. ನಮಗೆ ಸಾಲದ ವಿಷಯ, ಸಬ್ಸಿಡಿ ವಿಷಯ ಏನಾದರೂ ಹೇಳಬಾರದಾ?” ಅಂದರು. ಅವರು ಇಲ್ಲೇ ಮುಂದಿನ ಸಾಲಿನಲ್ಲಿ ಕೂತು ನಗ್ತಾ ಇದ್ದಾರೆ. ಆಯ್ತಮ್ಮ, ಸಾಲದ ವಿಷಯವನ್ನೇ ಹೇಳ್ತೀನಿ.

ಅದಕ್ಕಾಗಿಯೇ ಕೆಲವು ಸಂಘದವರಿಂದ ಹಳೆಯ ನಿರ್ಣಯ ಪುಸ್ತಕ, ಸಾಲದ ಲೆಡ್ಜರ್ ತರಿಸಿಕೊಂಡು ಹೋದ ವಾರ ಎರಡು ರಾತ್ರಿ ಕೂತು ಓದಿದೆ. ಲೆಡ್ಜರಿನಲ್ಲಿ “ಸಾಲದ ಕಾರಣ” ಅಂತ ಒಂದು ಕಾಲಂ ಇರುತ್ತಲ್ಲ, ಅದರ ಮೇಲೆ ಬೆರಳಿಟ್ಟು 2020ರಿಂದ ಕೆಳಗೆ ಇಳಿಯುತ್ತಾ ಹೋದೆ. 2020ರ ಮಾರ್ಚ್ ಮೂರನೇ ವಾರದ ನಂತರ ಪುಟ ಖಾಲಿ. ಒಂದು ಸಂಘದವರು “ಕೊರೊನ ಕಾರಣ ಸಭೆ ಇಲ್ಲ” ಅಂತ ಬರೆದು ಸಹಿ ಮಾಡಿದ್ದಾರೆ. ಜೂನ್‌ನಲ್ಲಿ ಮತ್ತೆ ಸೇರಿದಾಗ ಏಳು ಜನ ಸಾಲ ಕೇಳಿದ್ದಾರೆ, ಏಳೂ ಕಡೆ ಒಂದೇ ಕಾರಣ: “ಮನೆ ಖರ್ಚು”. 2021ರ ಮೇ ತಿಂಗಳಲ್ಲಿ “ಆಸ್ಪತ್ರೆ”. 2022ರ ಏಪ್ರಿಲ್‌ನಲ್ಲಿ ತಿಂಡಿ ಮಾಡಿ ಮಾರುವ ಸಂಘದವರ ನಿರ್ಣಯ: “ಎಣ್ಣೆ ಬೆಲೆ ಏರಿದ್ದರಿಂದ ಚಕ್ಕುಲಿ, ಕೋಡುಬಳೆ ಆರ್ಡರ್ ತಾತ್ಕಾಲಿಕವಾಗಿ ನಿಲ್ಲಿಸುವುದು.” 2023ರ ಅಕ್ಟೋಬರ್‌ನಲ್ಲಿ “ಮೇವು”. 2024ರ ಕೊನೆಗೆ ಬಂದರೆ ಒಂದೇ ಪುಟದಲ್ಲಿ ನಾಲ್ಕು ಸಲ “ಬೇರೆ ಕಂಪನಿ ಕಂತು ಕಟ್ಟಲು”.

ಪ್ರಪಂಚದ ಇತಿಹಾಸವನ್ನು ಇಷ್ಟು ಚೊಕ್ಕವಾಗಿ ಯಾರೂ ಬರೆದಿಲ್ಲ ಅನ್ನಿಸಿತು ನನಗೆ. ಆದರೆ ನಾವು ಕಾರಣ ಅಂತ ಬರೆದದ್ದು ಕೊನೆಯ ಕಾರಣ ಮಾತ್ರ. “ಎಣ್ಣೆ ಬೆಲೆ” ಅಂತ ಬರೆದೆವು, ಅದು ಯಾಕೆ ಏರಿತು ಅಂತ ಬರೆಯಲಿಲ್ಲ. ಆ ಒಂದು ಮೆಟ್ಟಿಲು ಹಿಂದಕ್ಕೆ ಹೋಗಿ ನೋಡುವುದು ಇವತ್ತಿನ ನನ್ನ ಕೆಲಸ.

ಕೊರೊನದಿಂದ ಶುರು ಮಾಡೋಣ. 2019ರ ಡಿಸೆಂಬರ್‌ನಲ್ಲಿ ಚೀನಾದ ವುಹಾನ್ ನಗರದಲ್ಲಿ ಕಾಣಿಸಿಕೊಂಡ ಕಾಯಿಲೆ. ಮೂರು ತಿಂಗಳು ಕಳೆಯಲಿಲ್ಲ, ಭಾರತದಲ್ಲಿ ಅದರಿಂದ ಮೊದಲ ಸಾವು ಸಂಭವಿಸಿದ್ದು ನಮ್ಮ ಕಲಬುರಗಿಯಲ್ಲಿ, 2020ರ ಮಾರ್ಚ್ 10ರಂದು. ಮಾರ್ಚ್ 24ರ ರಾತ್ರಿ ಎಂಟು ಗಂಟೆಗೆ ಪ್ರಧಾನಿ ಟಿವಿಯಲ್ಲಿ ಬಂದರು, ಹನ್ನೆರಡು ಗಂಟೆಗೆ ದೇಶಕ್ಕೇ ಬೀಗ. ನಾಲ್ಕು ಗಂಟೆ ಸಮಯ. ಬೆಂಗಳೂರಿನಿಂದ ನಿಮ್ಮ ಮಕ್ಕಳು ಹೇಗೆ ಊರು ಸೇರಿದರು ಅನ್ನುವುದು ನಿಮಗೇ ಗೊತ್ತು, ಅದನ್ನು ನಾನು ಹೇಳಬೇಕಾಗಿಲ್ಲ. 2020 ಮತ್ತು 2021 ಈ ಎರಡು ವರ್ಷಗಳಲ್ಲಿ ಸಾಮಾನ್ಯ ವರ್ಷಗಳಿಗಿಂತ ಸುಮಾರು 1 ಕೋಟಿ 49 ಲಕ್ಷ ಜನ ಹೆಚ್ಚಾಗಿ ಸತ್ತರು ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿತು. ಆ ಲೆಕ್ಕದಲ್ಲಿ ನಮ್ಮ ಸಂಘದವರೂ ಇದ್ದಾರೆ. ಇವತ್ತು ಹಾಜರಿ ಕೂಗುವಾಗ ಕೆಲವು ಹೆಸರು ಕೂಗಲಿಲ್ಲ, ನೀವೂ ಗಮನಿಸಿರಬಹುದು.

ಆಗ ನಡೆದ ಇನ್ನೊಂದು ವಿಷಯ ಬಹಳ ಜನರಿಗೆ ಅರ್ಥ ಆಗಲೇ ಇಲ್ಲ. 2020ರ ಮಾರ್ಚ್ 27ರಂದು ರಿಸರ್ವ್ ಬ್ಯಾಂಕ್ ಸಾಲದ ಕಂತಿಗೆ ಮೂರು ತಿಂಗಳ ವಿನಾಯಿತಿ ಕೊಡಲು ಅವಕಾಶ ಮಾಡಿತು, ಆಮೇಲೆ ಅದನ್ನು ಆಗಸ್ಟ್ 31ರವರೆಗೆ ವಿಸ್ತರಿಸಿತು. “ಆರು ತಿಂಗಳು ಸಾಲ ಮಾಫಿ” ಅಂತ ಊರಲ್ಲಿ ಸುದ್ದಿ ಹಬ್ಬಿತು. ಮಾಫಿ ಅಲ್ಲ. ಕಂತು ನಿಂತಿತ್ತು, ಬಡ್ಡಿ ನಿಂತಿರಲಿಲ್ಲ. ಬಡ್ಡಿಯ ಮೇಲೆ ಹಾಕಿದ ಬಡ್ಡಿಯನ್ನು ಮಾತ್ರ ಸರ್ಕಾರ ನವೆಂಬರ್‌ನಲ್ಲಿ ವಾಪಸ್ ಕೊಡಿಸಿತು. ಸೆಪ್ಟೆಂಬರ್‌ನಲ್ಲಿ ಕಂತು ಕೇಳಲು ಬಂದವರ ಹತ್ತಿರ ಜಗಳ ಆಡಿದವರು ಇಲ್ಲಿ ಎಷ್ಟು ಜನ ಇದ್ದೀರಿ? ಕೈ ಎತ್ತಬೇಡಿ, ನನಗೆ ಗೊತ್ತು. ತಪ್ಪು ನಿಮ್ಮದಲ್ಲ, ನಿಮಗೆ ಸರಿಯಾಗಿ ಹೇಳಿದವರಿಲ್ಲ. ನಾವು ಕಾರ್ಯಕರ್ತರೂ ಆಗ ಮಾಸ್ಕ್ ಹೊಲಿಸುವುದರಲ್ಲಿ, ರೇಷನ್ ಕಿಟ್ ಹಂಚುವುದರಲ್ಲಿ ಮುಳುಗಿದ್ದೆವು, ಈ ಲೆಕ್ಕ ಕೂತು ಹೇಳಲಿಲ್ಲ.

ಕೊರೊನ ಕಾಲದ ಒಂದು ಒಳ್ಳೆಯ ಸಂಗತಿಯನ್ನೂ ಹೇಳಿಬಿಡ್ತೀನಿ. ನಿಮ್ಮ ತೋಳಿಗೆ ಬಿದ್ದ ಕೋವಿಶೀಲ್ಡ್ ಲಸಿಕೆಯ ಮೂಲ ರೂಪವನ್ನು ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ತಯಾರಿಸಿದ ತಂಡದ ಮುಂದಾಳು ಒಬ್ಬ ಹೆಂಗಸು, ಸಾರಾ ಗಿಲ್ಬರ್ಟ್. ವಿದೇಶಗಳಲ್ಲಿ ಬಹಳ ಜನರಿಗೆ ಕೊಟ್ಟ ಇನ್ನೊಂದು ಬಗೆಯ ಲಸಿಕೆಯ ಹಿಂದೆಯೂ ಒಬ್ಬ ಹೆಂಗಸು ಇದ್ದಾರೆ, ಹಂಗೇರಿ ದೇಶದ ಕಟಲಿನ್ ಕರಿಕೊ. ಮಾಂಸದಂಗಡಿಯವನ ಮಗಳು. 1985ರಲ್ಲಿ ಗಂಡ, ಪುಟ್ಟ ಮಗಳ ಜೊತೆ ಅಮೆರಿಕಕ್ಕೆ ಹೊರಟಾಗ ದೇಶದಿಂದ ಹೆಚ್ಚು ಹಣ ಒಯ್ಯಲು ಅನುಮತಿ ಇರಲಿಲ್ಲ. ಮಗಳ ಕರಡಿ ಬೊಂಬೆಯ ಹೊಟ್ಟೆಯೊಳಗೆ ನೋಟು ಬಚ್ಚಿಟ್ಟು ಹೊಲಿದುಕೊಂಡು ಹೋದರು. ಸಾಸಿವೆ ಡಬ್ಬಿಯಲ್ಲಿ ದುಡ್ಡು ಇಡುವ ನಮಗೆ ಇದು ಚೆನ್ನಾಗಿ ಅರ್ಥ ಆಗುತ್ತೆ! ಅವರ ಸಂಶೋಧನೆಯಿಂದ ಪ್ರಯೋಜನ ಇಲ್ಲ ಎಂದು 1995ರಲ್ಲಿ ಹುದ್ದೆಯಿಂದ ಕೆಳಗಿಳಿಸಿದರು. ಅವರು ಕೆಲಸ ಬಿಡಲಿಲ್ಲ. 2023ರಲ್ಲಿ ಅದೇ ಸಂಶೋಧನೆಗೆ ನೊಬೆಲ್ ಪ್ರಶಸ್ತಿ ಬಂತು.

ಈಗ ಚಕ್ಕುಲಿಗೆ ಬರೋಣ. 2022ರ ಫೆಬ್ರವರಿ 24ರಂದು ರಷ್ಯಾ ಉಕ್ರೇನ್ ಮೇಲೆ ದಂಡೆತ್ತಿ ಹೋಯಿತು. ಅಲ್ಲಿ ಓದಲು ಹೋಗಿದ್ದ ನಮ್ಮ ರಾಜ್ಯದ ಒಬ್ಬ ವೈದ್ಯಕೀಯ ವಿದ್ಯಾರ್ಥಿ ಯುದ್ಧ ಶುರುವಾದ ಒಂದೇ ವಾರದಲ್ಲಿ ಪ್ರಾಣ ಕಳೆದುಕೊಂಡ. ಆ ಸುದ್ದಿ ನಿಮಗೆ ನೆನಪಿದೆ. ಆದರೆ ಆ ಯುದ್ಧ ನಮ್ಮ ಬಾಣಲೆಗೂ ಬಂತು ಅನ್ನುವುದನ್ನು ಎಷ್ಟು ಜನ ಯೋಚಿಸಿದ್ದೀರಿ? ಪ್ರಪಂಚದಲ್ಲಿ ಅತಿ ಹೆಚ್ಚು ಸೂರ್ಯಕಾಂತಿ ಎಣ್ಣೆ ರಫ್ತು ಮಾಡುತ್ತಿದ್ದ ದೇಶ ಉಕ್ರೇನ್. ಅದರ ನಂತರ ರಷ್ಯಾ. ಇಬ್ಬರೂ ಹೊಡೆದಾಡಲು ನಿಂತರೆ ಎಣ್ಣೆ ಹಡಗು ಎಲ್ಲಿಂದ ಹೊರಡಬೇಕು? ಎಲ್ಲರೂ ತಾಳೆ ಎಣ್ಣೆಗೆ ಮುಗಿಬಿದ್ದರು. ಆಗ ಇಂಡೊನೇಷ್ಯಾ ದೇಶ ತನ್ನ ಜನಕ್ಕೇ ಸಾಲದು ಅಂತ ಏಪ್ರಿಲ್ 28ರಿಂದ ತಾಳೆ ಎಣ್ಣೆ ರಫ್ತನ್ನೇ ಸುಮಾರು ಮೂರೂವರೆ ವಾರ ನಿಲ್ಲಿಸಿತು. ನಮ್ಮ ದೇಶ ತನಗೆ ಬೇಕಾದ ಅಡಿಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹೊರಗಿನಿಂದ ತರಿಸುತ್ತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅನ್ನುವ ಗಾದೆಯ ಹಾಗೆ, ಯುದ್ಧ ಅಲ್ಲಿ, ಬರೆ ನಮ್ಮ ಚಕ್ಕುಲಿ ಸಂಘಕ್ಕೆ. ಅದೇ ವರ್ಷ ಗ್ಯಾಸ್ ಸಿಲಿಂಡರ್ ಸಾವಿರ ರೂಪಾಯಿ ದಾಟಿತು.

ನನಗೆ ಬೇಜಾರಾಗುವುದು ಬೇರೆ ವಿಷಯಕ್ಕೆ. ದೇಶದಲ್ಲಿ ಸೂರ್ಯಕಾಂತಿ ಬೆಳೆಯುವುದರಲ್ಲಿ ಕರ್ನಾಟಕವೇ ಮುಂದು. ಉತ್ತರ ಕರ್ನಾಟಕದಲ್ಲಿ ಬಸ್ಸಿನಲ್ಲಿ ಹೋಗುವಾಗ ಎರಡೂ ಕಡೆ ಹಳದಿ ಹೊಲ ನೋಡಿದವಳು ನಾನು. ಹೊರಗಿನ ಎಣ್ಣೆ ಅಗ್ಗವಾಗಿ ಬರುತ್ತಾ ಬಂತು, ನಮ್ಮ ರೈತರಿಗೆ ಬೆಲೆ ಸಿಗಲಿಲ್ಲ, ಅವರು ಮೆಕ್ಕೆಜೋಳ ಹಾಕಿದರು. ಅಗ್ಗ ಅಂದುಕೊಂಡದ್ದು ಎಷ್ಟು ದುಬಾರಿ ಅಂತ ಗೊತ್ತಾಗಲು ಒಂದು ಯುದ್ಧ ಬೇಕಾಯಿತು.

ನಿಮಗೆ ಹೆಚ್ಚು ಹೇಳಬೇಕು ಅಂದುಕೊಂಡಿರುವುದು ಶ್ರೀಲಂಕಾದ ಕಥೆ. ಯಾಕೆಂದರೆ ಅದು ಒಂದು ಸಂಸಾರದ ಕಥೆಯ ಹಾಗೇ ಇದೆ. ಎರಡು ಕೋಟಿ ಚಿಲ್ಲರೆ ಜನರ ದೇಶ. ನಮ್ಮ ರಾಜ್ಯಕ್ಕಿಂತ ಚಿಕ್ಕದು. ಅವರ ಕೈಗೆ ವಿದೇಶಿ ಹಣ ಬರುವ ದಾರಿ ಕೆಲವೇ: ಪ್ರವಾಸಿಗಳು, ಚಹಾ, ಗಾರ್ಮೆಂಟ್ಸ್, ಮತ್ತೆ ಕೊಲ್ಲಿ ದೇಶಗಳಲ್ಲಿ ಮನೆಗೆಲಸ ಮಾಡಿ ಊರಿಗೆ ಹಣ ಕಳಿಸುವ ಹೆಂಗಸರು. ಎಲ್ಲಾ ಚೆನ್ನಾಗಿದ್ದ ಕಾಲದಲ್ಲಿ ಅವರ ಸರ್ಕಾರ ಹೊರಗಿನವರಿಂದ ಡಾಲರ್ ಲೆಕ್ಕದಲ್ಲಿ ಸಾಲ ತಂದು ರಸ್ತೆ, ಬಂದರು, ವಿಮಾನ ನಿಲ್ದಾಣ ಕಟ್ಟಿತು. ಹಳೆಯ ಸಾಲ ತೀರಿಸಲು ಹೊಸ ಸಾಲ. ಈ ಮಾತು ಎಲ್ಲೋ ಕೇಳಿದ ಹಾಗಿದೆ ಅಲ್ವಾ?

2019ರ ಏಪ್ರಿಲ್ 21ರಂದು, ಈಸ್ಟರ್ ಭಾನುವಾರ, ಅಲ್ಲಿನ ಚರ್ಚು, ಹೋಟೆಲುಗಳಲ್ಲಿ ಬಾಂಬ್ ಸಿಡಿದು 250ಕ್ಕೂ ಹೆಚ್ಚು ಜನ ಸತ್ತರು. ಪ್ರವಾಸಿಗಳು ಕಡಿಮೆಯಾದರು. ಅದೇ ವರ್ಷದ ಕೊನೆಗೆ ಹೊಸ ಸರ್ಕಾರ ಬಂದು ಜನರಿಗೆ ಖುಷಿಯಾಗಲಿ ಅಂತ ತೆರಿಗೆ ಇಳಿಸಿತು, ಅಂದರೆ ಮನೆಗೆ ಬರುವ ಆದಾಯ ತಾನೇ ಕಡಿಮೆ ಮಾಡಿಕೊಂಡಿತು. ಮರುವರ್ಷ ಕೊರೊನ. ಪ್ರವಾಸಿಗಳು ಪೂರಾ ನಿಂತರು. ಕೈಯಲ್ಲಿ ಡಾಲರ್ ಇಲ್ಲ. ಆಗ 2021ರ ಏಪ್ರಿಲ್‌ನಲ್ಲಿ ಅಧ್ಯಕ್ಷರು ರಾಸಾಯನಿಕ ಗೊಬ್ಬರ ಆಮದು ನಿಷೇಧಿಸಿ, ಇಡೀ ದೇಶ ಸಾವಯವ ಕೃಷಿ ಮಾಡಬೇಕು ಅಂತ ಆದೇಶ ಮಾಡಿದರು. ನೋಡಿ, ಸಾವಯವ ಗೊಬ್ಬರದ ತರಬೇತಿಯನ್ನು ನಾವೂ ಕೊಡ್ತೀವಿ, ಎರೆಹುಳು ತೊಟ್ಟಿ ಕಟ್ಟಿಸಿದ್ದೀವಿ. ಭೂಮಿ ಅದಕ್ಕೆ ಹೊಂದಿಕೊಳ್ಳಲು ಎಷ್ಟು ವರ್ಷ ಬೇಕು ಅಂತ ನಿಮಗೆ ಗೊತ್ತು. ರಾತ್ರೋರಾತ್ರಿ ಮಾಡಿದರೆ ಏನಾಗಬೇಕೋ ಅದೇ ಆಯಿತು. ಭತ್ತದ ಇಳುವರಿ ಕುಸಿಯಿತು, ಚಹಾ ಕುಸಿಯಿತು. ಅಕ್ಕಿಯಲ್ಲಿ ಸ್ವಾವಲಂಬಿಯಾಗಿದ್ದ ದೇಶ ಅಕ್ಕಿ ತರಿಸಿಕೊಂಡಿತು. ನವೆಂಬರ್ ಹೊತ್ತಿಗೆ ನಿಷೇಧ ಹಿಂದಕ್ಕೆ ತೆಗೆದುಕೊಂಡರು, ಆದರೆ ಬೆಳೆ ಹೋಗಿತ್ತು.

2022ರಲ್ಲಿ ಉಕ್ರೇನ್ ಯುದ್ಧದಿಂದ ಪೆಟ್ರೋಲ್, ಗ್ಯಾಸ್ ಬೆಲೆ ಏರಿದಾಗ ಅವರ ಹತ್ತಿರ ಕೊಡಲು ಡಾಲರೇ ಇರಲಿಲ್ಲ. ಪೆಟ್ರೋಲಿಗೆ ದಿನಗಟ್ಟಲೆ ಸಾಲು, ಆ ಸಾಲಿನಲ್ಲೇ ನಿಂತು ಸತ್ತವರಿದ್ದಾರೆ. ಕಾಗದ ಇಲ್ಲ ಅಂತ ಶಾಲೆಗಳಲ್ಲಿ ಪರೀಕ್ಷೆ ಮುಂದೂಡಿದರು. ಗ್ಯಾಸ್ ಇಲ್ಲದೆ ಪಟ್ಟಣದ ಹೆಂಗಸರು ಸೌದೆ ಒಲೆ ಹಚ್ಚಿದರು. ಏಪ್ರಿಲ್ 12ರಂದು ಸರ್ಕಾರ “ವಿದೇಶಿ ಸಾಲ ಸದ್ಯಕ್ಕೆ ಕಟ್ಟಲಾರೆವು” ಎಂದು ಪ್ರಕಟಿಸಿತು. ನಮ್ಮ ಭಾಷೆಯಲ್ಲಿ ಸುಸ್ತಿದಾರ. ಜುಲೈ 9ರಂದು ಸಾವಿರಾರು ಜನ ಅಧ್ಯಕ್ಷರ ಬಂಗಲೆಗೆ ನುಗ್ಗಿದರು. ಅವರ ಈಜುಕೊಳದಲ್ಲಿ ಹುಡುಗರು ಈಜಿದ್ದನ್ನು ಟಿವಿಯಲ್ಲಿ ನೋಡಿ ನಾವೆಲ್ಲ ನಕ್ಕೆವು. ನಾಲ್ಕು ದಿನಕ್ಕೆ ಅಧ್ಯಕ್ಷರು ದೇಶ ಬಿಟ್ಟು ಓಡಿದರು. ಆ ವರ್ಷ ಭಾರತ ಸುಮಾರು 400 ಕೋಟಿ ಡಾಲರ್ ನೆರವು ಕೊಟ್ಟಿತು, ಅದನ್ನು ಅಲ್ಲಿಯವರು ನೆನೆಯುತ್ತಾರೆ.

ಟಿವಿಯಲ್ಲಿ ತೋರಿಸದೆ ಇದ್ದದ್ದು ಇನ್ನೊಂದಿದೆ. ಇದೆಲ್ಲ ಆಗುವ ಮುಂಚೆಯೇ, 2021ರ ಮಾರ್ಚ್‌ನಲ್ಲಿ, ಪೊಲೊನ್ನರುವ ಜಿಲ್ಲೆಯ ಹಿಂಗುರಕ್‌ಗೊಡ ಅನ್ನುವ ಊರಿನಲ್ಲಿ ಹಳ್ಳಿಯ ಹೆಂಗಸರು ವಾರಗಟ್ಟಲೆ ಸತ್ಯಾಗ್ರಹ ಕೂತಿದ್ದರು. ಯಾಕೆ ಗೊತ್ತಾ? ಮೈಕ್ರೋಫೈನಾನ್ಸ್ ಸಾಲ. ಒಬ್ಬೊಬ್ಬಳಿಗೆ ಮೂರು, ನಾಲ್ಕು ಕಂಪನಿ. 2018ರಲ್ಲಿ ಆ ದೇಶಕ್ಕೆ ಭೇಟಿ ಕೊಟ್ಟ ವಿಶ್ವಸಂಸ್ಥೆಯ ತಜ್ಞರು ಕೆಲವು ಕಡೆ ವರ್ಷಕ್ಕೆ ಶೇ. 220ರವರೆಗೂ ಬಡ್ಡಿ ಬೀಳುತ್ತಿದೆ ಎಂದು ವರದಿ ಮಾಡಿದ್ದರು. ದೇಶ ದಿವಾಳಿಯಾಗುವ ಎಷ್ಟೋ ಮೊದಲು ಆ ಹೆಂಗಸರು ದಿವಾಳಿಯಾಗಿದ್ದರು. ಅವರ ಕೂಗನ್ನು ಕೊಲಂಬೊದಲ್ಲಿ ಕೂತವರು ಹಳ್ಳಿಯ ಸಣ್ಣ ಗಲಾಟೆ ಅಂದುಕೊಂಡರು. ದೊಡ್ಡವರು ಕಟ್ಟಲಾರೆವು ಅಂದಾಗ ಸಾಲ ಕೊಟ್ಟವರು ಕೂತು ಮಾತಾಡಿ ಕಂತು ಮುಂದೂಡಿದರು. ಅವರಿಗೆ ಹಾಗೆ ಮಾತಾಡಲು ಯಾರೂ ಬರಲಿಲ್ಲ.

ಈಗ ನಮ್ಮ ಲೆಡ್ಜರಿಗೆ ವಾಪಸ್ ಬನ್ನಿ. “ಬೇರೆ ಕಂಪನಿ ಕಂತು ಕಟ್ಟಲು.” ಕೊರೊನದಲ್ಲಿ ಮನೆ ಖರ್ಚಿಗೆ ಮಾಡಿದ ಸಾಲ, ಆಸ್ಪತ್ರೆ ಸಾಲ, 2023ರ ಬರಗಾಲದಲ್ಲಿ ಮೇವಿಗೆ ಮಾಡಿದ ಸಾಲ, ಅದನ್ನು ತೀರಿಸಲು ಮತ್ತೊಂದು. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರವೇ ಘೋಷಿಸಿತ್ತು. ನಮ್ಮ ರಾಜ್ಯದಲ್ಲೂ ಕಂತು ವಸೂಲಿಯವರ ಕಾಟಕ್ಕೆ ಮನೆಗೆ ಬೀಗ ಹಾಕಿ ಊರು ಬಿಟ್ಟವರು, ಜೀವ ಕಳೆದುಕೊಂಡವರು ಇದ್ದಾರೆ. 2025ರ ಫೆಬ್ರವರಿ 12ರಂದು ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ಮಾರ್ಚ್‌ನಲ್ಲಿ ವಿಧಾನಮಂಡಲ ಅದನ್ನು ಅಂಗೀಕರಿಸಿತು.

ರಿಸರ್ವ್ ಬ್ಯಾಂಕಿನ ನಿಯಮವನ್ನೂ ಬರೆದುಕೊಳ್ಳಿ, ಪೆನ್ನು ಇದ್ದವರು ಬರೆದುಕೊಳ್ಳಿ. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದದ್ದು. ವರ್ಷಕ್ಕೆ 3 ಲಕ್ಷ ರೂಪಾಯಿವರೆಗೆ ಆದಾಯ ಇರುವ ಕುಟುಂಬಕ್ಕೆ ಅಡಮಾನ ಇಲ್ಲದೆ ಕೊಡುವ ಸಾಲ ಮೈಕ್ರೋಫೈನಾನ್ಸ್ ಸಾಲ. ಎಲ್ಲಾ ಸಾಲಗಳ ಕಂತು ಸೇರಿ ಕುಟುಂಬದ ತಿಂಗಳ ಆದಾಯದ ಅರ್ಧ ದಾಟಬಾರದು. ಅಂದರೆ ಮನೆಯವರೆಲ್ಲ ದುಡಿದು 12,000 ಬಂದರೆ ಎಲ್ಲಾ ಕಂಪನಿಗಳ ಕಂತು ಕೂಡಿ 6,000ಕ್ಕಿಂತ ಹೆಚ್ಚಾಗಬಾರದು. ಬೆಳಿಗ್ಗೆ 9ಕ್ಕಿಂತ ಮುಂಚೆ, ಸಂಜೆ 6ರ ನಂತರ ಕಂತು ಕೇಳಬಾರದು. ಇದು ನಿಯಮ. ಆದರೆ ಅದೇ ನಿಯಮದಲ್ಲಿ ಬಡ್ಡಿಗೆ ಮೊದಲಿದ್ದ ಮಿತಿಯನ್ನು ತೆಗೆದುಹಾಕಿದರು, ಅದು ನನಗೆ ಸರಿ ಕಾಣಲಿಲ್ಲ. ಇನ್ನೊಂದು ಮಾತು, ಕೋಪ ಮಾಡಿಕೊಳ್ಳಬೇಡಿ: ಅರ್ಧದ ಲೆಕ್ಕ ತಪ್ಪಲು ನಾವೂ ಕಾರಣ. ಫಾರಂನಲ್ಲಿ ಆದಾಯ ಹೆಚ್ಚು ಬರೆಸುವುದು, ಬೇರೆ ಸಾಲ ಇಲ್ಲ ಅನ್ನುವುದು, ಒಬ್ಬರ ಹೆಸರಿನಲ್ಲಿ ಇನ್ನೊಬ್ಬರು ತೆಗೆಯುವುದು. ನಮ್ಮ ಸಂಘದ ಸಭೆಯಲ್ಲಾದರೂ ನಿಜ ಹೇಳೋಣ.

ಹವಾಮಾನದ ವಿಷಯ ಬೇಗ ಮುಗಿಸ್ತೀನಿ, ಊಟದ ಹೊತ್ತಾಯಿತು. 2024 ಇದುವರೆಗೆ ದಾಖಲಾದ ಅತಿ ಬಿಸಿ ವರ್ಷ ಎಂದು ವಿಶ್ವ ಹವಾಮಾನ ಸಂಸ್ಥೆ ಹೇಳಿತು. ಕಾರ್ಖಾನೆಗಳು ಬರುವ ಮೊದಲಿನ ಕಾಲಕ್ಕಿಂತ ಸುಮಾರು 1.55 ಡಿಗ್ರಿ ಹೆಚ್ಚು. ಆ ವರ್ಷ ಜುಲೈ 30ರ ನಸುಕಿನಲ್ಲಿ ಪಕ್ಕದ ವಯನಾಡಿನಲ್ಲಿ ಗುಡ್ಡ ಕುಸಿದು ಮಲಗಿದ್ದವರು ಮಲಗಿದ್ದಂತೆಯೇ ಹೋದರು. ಆದರೆ ಬಿಸಿಲು ಎಲ್ಲರಿಗೂ ಒಂದೇ ರೀತಿ ಲೆಕ್ಕ ಬರೆಯುವುದಿಲ್ಲ. ಬ್ರೆಜಿಲ್ ಮತ್ತು ವಿಯೆಟ್ನಾಂನಲ್ಲಿ ಬರ ಬಿದ್ದು ಕಾಫಿ ಬೆಳೆ ಕಡಿಮೆಯಾಯಿತು, 2025ರ ಫೆಬ್ರವರಿಯಲ್ಲಿ ಅರೇಬಿಕಾ ಬೆಲೆ ದಾಖಲೆ ಮುಟ್ಟಿತು. ದೇಶದ ಕಾಫಿಯಲ್ಲಿ ಹತ್ತಕ್ಕೆ ಏಳು ಪಾಲು ಬೆಳೆಯುವುದು ನಮ್ಮ ಚಿಕ್ಕಮಗಳೂರು, ಕೊಡಗು, ಹಾಸನದಲ್ಲಿ. ತೋಟದವರಿಗೆ ಒಳ್ಳೆಯ ವರ್ಷ. ಹಣ್ಣು ಕುಯ್ಯುವ ನಮ್ಮ ಸದಸ್ಯೆಯರನ್ನು ಕೇಳಿದೆ, “ನಿಮ್ಮ ಕೂಲಿ ಎಷ್ಟು ಏರಿತು?” ಅಂತ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಮೊಬೈಲ್ ಬಗ್ಗೆಯೂ ಒಂದು ಮಾತು. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಅನ್ನುವುದು ಬಂತು. ಅಲ್ಲಿಂದ ಕೃತಕ ಬುದ್ಧಿಮತ್ತೆಯ ಹುಚ್ಚು. ಮಕ್ಕಳು ಹೋಂವರ್ಕ್ ಮಾಡಿಸುತ್ತಾರೆ. ಅರ್ಜಿ ಬರೆಸಲು ನಿಮಗೂ ಉಪಯೋಗಕ್ಕೆ ಬರುತ್ತೆ, ಬೇಡ ಅನ್ನಲ್ಲ. ಆದರೆ ಈಗ ನಿಮ್ಮ ಮಗನ ಧ್ವನಿಯನ್ನೇ ನಕಲು ಮಾಡಿ “ಅಮ್ಮಾ, ಆಕ್ಸಿಡೆಂಟ್ ಆಗಿದೆ, ದುಡ್ಡು ಹಾಕು” ಅನ್ನಿಸಬಹುದು. ಪೊಲೀಸ್ ವೇಷದಲ್ಲಿ ವಿಡಿಯೊ ಕರೆ ಮಾಡಿ “ಡಿಜಿಟಲ್ ಅರೆಸ್ಟ್” ಅಂತ ಹೆದರಿಸುವುದಂತೂ ಎಲ್ಲಾ ಕಡೆ ಆಗಿದೆ. ಅಂಥ ಬಂಧನ ಯಾವ ಕಾನೂನಿನಲ್ಲೂ ಇಲ್ಲ. ಫೋನ್ ಇಡಿ, ಮಗನ ನಂಬರಿಗೆ ನೀವೇ ಕರೆ ಮಾಡಿ. ದುಡ್ಡು ಹೋಗಿದ್ದರೆ ತಕ್ಷಣ 1930ಕ್ಕೆ ಫೋನ್ ಮಾಡಿ. ನಾಚಿಕೆಪಟ್ಟು ಎರಡು ದಿನ ಸುಮ್ಮನಿದ್ದರೆ ದುಡ್ಡು ಸಿಗೋದು ಕಷ್ಟ.

ಇನ್ನು ನಿರೀಕ್ಷೆಗಳು. ನಾನು ಸಮಾಜಕಾರ್ಯ ಓದುವಾಗ ಪರೀಕ್ಷೆಯಲ್ಲಿ ತಪ್ಪದೆ ಬರುತ್ತಿದ್ದ ಪ್ರಶ್ನೆ, “2000ನೇ ಇಸವಿಯೊಳಗೆ ಎಲ್ಲರಿಗೂ ಆರೋಗ್ಯ”. 1978ರಲ್ಲಿ ಆಲ್ಮಾ ಆಟಾ ಅನ್ನುವ ಊರಿನಲ್ಲಿ ಪ್ರಪಂಚದ ದೇಶಗಳು ಕೊಟ್ಟ ಮಾತು. ನಾನು ಚೆನ್ನಾಗಿ ಬರೆದು ಅಂಕ ತಗೊಂಡೆ. 2000 ಬಂತು, ಹೋಯಿತು. ಆಮೇಲೆ 2015ಕ್ಕೆ ಅಂತ ಗುರಿ ಇಟ್ಟರು. 2015ರಲ್ಲಿ 193 ದೇಶಗಳು ಸೇರಿ 2030ಕ್ಕೆ ಅಂತ 17 ಗುರಿ ಹಾಕಿಕೊಂಡವು: ಹಸಿವು ಇರಬಾರದು, ಬಡತನ ಇರಬಾರದು, ಹೆಣ್ಣು ಗಂಡು ಸಮಾನ. 2024ರಲ್ಲಿ ವಿಶ್ವಸಂಸ್ಥೆ ಲೆಕ್ಕ ಹಾಕಿದಾಗ ಆ ಗುರಿಗಳ ಕೆಳಗೆ ಬರೆದ ಅಂಶಗಳಲ್ಲಿ ನೂರಕ್ಕೆ 17 ಮಾತ್ರ ಸರಿಯಾದ ದಾರಿಯಲ್ಲಿದ್ದವು. ಅದೇ ವರ್ಷ ಪ್ರಪಂಚದಲ್ಲಿ 67 ಕೋಟಿಗೂ ಹೆಚ್ಚು ಜನ ಹಸಿದವರಿದ್ದರು. ಹಾಗಂತ ಎಲ್ಲಾ ಸುಳ್ಳು ಅಂತ ಕೈ ಚೆಲ್ಲುವ ಹಾಗಿಲ್ಲ. ನಮ್ಮ ದೇಶದಲ್ಲಿ ಲಕ್ಷ ಹೆರಿಗೆಗೆ ಸಾಯುತ್ತಿದ್ದ ತಾಯಂದಿರು 2014-16ರಲ್ಲಿ 130, 2019-21ರಲ್ಲಿ 93. ಆಶಾ ಕಾರ್ಯಕರ್ತೆಯರು ಇಲ್ಲಿ ಇದ್ದೀರಿ, ಈ ಲೆಕ್ಕದಲ್ಲಿ ನಿಮ್ಮ ಚಪ್ಪಲಿ ಸವೆದಿದೆ.

ಹಿಂದಕ್ಕೆ ಹೋದದ್ದೂ ಉಂಟು. ಅಫ್ಘಾನಿಸ್ತಾನದಲ್ಲಿ 2021ರ ಆಗಸ್ಟ್ 15ರಂದು ತಾಲಿಬಾನ್ ಅಧಿಕಾರ ಹಿಡಿಯಿತು. ಹುಡುಗಿಯರಿಗೆ ಆರನೇ ತರಗತಿಯ ಮೇಲೆ ಶಾಲೆ ಬಂದ್. 2022ರ ಡಿಸೆಂಬರ್‌ನಲ್ಲಿ ಕಾಲೇಜೂ ಬಂದ್, ಸೇವಾ ಸಂಸ್ಥೆಗಳಲ್ಲಿ ಹೆಂಗಸರು ಕೆಲಸ ಮಾಡುವುದೂ ಬಂದ್. ಅಂದರೆ ನನ್ನಂಥವಳು, ನಮ್ಮ ಪ್ರೇರಕಿಯರಂಥವರು ಮನೆಯಿಂದ ಹೊರಗೆ ಬಂದು ಇಂಥ ಒಂದು ಸಭೆ ಕರೆಯುವಂತಿಲ್ಲ. ಇಪ್ಪತ್ತು ವರ್ಷ ಓದಿದ ಹುಡುಗಿಯರ ಒಂದು ತಲೆಮಾರು ಅಲ್ಲಿತ್ತು. ಒಂದು ಆದೇಶಕ್ಕೆ ಮುಗಿಯಿತು.

ನಮ್ಮಲ್ಲಿ 2023ರ ಸೆಪ್ಟೆಂಬರ್‌ನಲ್ಲಿ ಲೋಕಸಭೆ, ವಿಧಾನಸಭೆಗಳಲ್ಲಿ ಮೂರನೇ ಒಂದು ಭಾಗ ಸ್ಥಾನ ಮಹಿಳೆಯರಿಗೆ ಮೀಸಲು ಎಂಬ ಕಾಯ್ದೆ ಪಾಸಾಯಿತು. ಈ ಮಸೂದೆ ಮೊದಲು ಸಂಸತ್ತಿಗೆ ಬಂದದ್ದು 1996ರಲ್ಲಿ, ನಮ್ಮ ದೇವೇಗೌಡರು ಪ್ರಧಾನಿಯಾಗಿದ್ದಾಗ. ಇಪ್ಪತ್ತೇಳು ವರ್ಷ ಬೇಕಾಯಿತು. 2024ರ ಚುನಾವಣೆಯಲ್ಲಿ ಅದು ಜಾರಿಯಲ್ಲಿರಲಿಲ್ಲ. 543ರಲ್ಲಿ 74 ಹೆಂಗಸರು ಗೆದ್ದರು, ಕರ್ನಾಟಕದ 28ರಲ್ಲಿ ಮೂವರು. ನಮ್ಮ ಗ್ರಾಮ ಪಂಚಾಯಿತಿಯಲ್ಲಿ ಅರ್ಧ ಸ್ಥಾನ ಹೆಂಗಸರಿಗೆ, ದೆಹಲಿಗೆ ಹೋಗುವಷ್ಟರಲ್ಲಿ ಹೀಗೆ ಕರಗುತ್ತೆ. ಆ ಕಾಯ್ದೆಗೆ ಹಾಕಿದ ಷರತ್ತು ಏನೆಂದರೆ, ಅದರ ನಂತರದ ಮೊದಲ ಜನಗಣತಿಯ ಲೆಕ್ಕ ಬಂದು, ಕ್ಷೇತ್ರಗಳ ಮರುವಿಂಗಡಣೆ ಆಗಬೇಕು. 2021ರಲ್ಲಿ ಆಗಬೇಕಿದ್ದ ಜನಗಣತಿ ಕೊರೊನದಿಂದ ನಿಂತುಹೋಗಿತ್ತು. 2025ರ ಜೂನ್‌ನಲ್ಲಿ ಸರ್ಕಾರ ಅಧಿಸೂಚನೆ ಹೊರಡಿಸಿ, 2027ರ ಮಾರ್ಚ್ 1ನ್ನು ನಮ್ಮ ಕಡೆಗೆ ಎಣಿಕೆಯ ಆಧಾರ ದಿನ ಎಂದು ಗೊತ್ತು ಮಾಡಿತು.

ಅದಕ್ಕೇ ಈ ಜನಗಣತಿಯ ಬಗ್ಗೆ ನಿಮ್ಮ ಹತ್ತಿರ ಒಂದು ಕೆಲಸ ಕೇಳ್ತೀನಿ. ಎಣಿಕೆದಾರರು ಮನೆಗೆ ಬಂದಾಗ ಬಾಗಿಲಲ್ಲಿ ನಿಂತು ಉತ್ತರ ಕೊಡುವುದು ಹೆಚ್ಚಾಗಿ ಗಂಡಸರು. “ನಿಮ್ಮ ಹೆಂಡತಿ ಏನು ಕೆಲಸ ಮಾಡ್ತಾರೆ?” ಅಂದರೆ, “ಏನೂ ಇಲ್ಲ, ಮನೇಲಿ ಇದ್ದಾಳೆ.” ಅಲ್ಲಿಗೆ ಮುಗಿಯಿತು, ಕಾಲಂನಲ್ಲಿ ಹಾಗೇ ಬಿತ್ತು. 2011ರ ಜನಗಣತಿಯ ನಿಯಮದಲ್ಲೇ ಸಂಬಳ ಇಲ್ಲದಿದ್ದರೂ ಸ್ವಂತ ಹೊಲದಲ್ಲಿ, ಮನೆಯ ವ್ಯಾಪಾರದಲ್ಲಿ ದುಡಿಯುವುದು ಕೆಲಸ ಎಂದು ಬರೆದಿತ್ತು. ಮನೆ ಬಳಕೆಗಾಗಿಯೇ ಹಾಲು ಕರೆದರೂ ಕೆಲಸ. ಆದರೂ ಎಷ್ಟು ಜನ ಹೇಳಿದರು? ಎಣಿಸದೆ ಬಿಟ್ಟವಳಿಗೆ ಯೋಜನೆಯಲ್ಲಿ ದುಡ್ಡು ಇಡುವವರು ಯಾರು?

ಊಟದ ನಂತರ ಗುಂಪು ಚರ್ಚೆಯಲ್ಲಿ ಪ್ರತಿಯೊಬ್ಬರೂ ಒಂದು ಚೀಟಿಯಲ್ಲಿ, ಹೋದ ವರ್ಷ ಪೂರ್ತಿ ನಾನು ಯಾವ ಯಾವ ಕೆಲಸ ಮಾಡಿದೆ ಅಂತ ಬರೆಯಿರಿ. ಬರೆಯಲು ಬಾರದವರು ಪಕ್ಕದವರಿಂದ ಬರೆಸಿ. ಎಷ್ಟು ತಿಂಗಳು ಅಂತಲೂ ಬರೆಯಿರಿ, ಆರು ತಿಂಗಳಿಗಿಂತ ಹೆಚ್ಚೋ ಕಡಿಮೆಯೋ ಅಂತ ಅವರು ಕೇಳ್ತಾರೆ. ಬೆಳಿಗ್ಗೆ ಚಹಾ ಕುಡಿಯುವಾಗ ಇದನ್ನೇ ಒಬ್ಬರನ್ನು ಕೇಳಿದೆ, “ನೀವು ಏನು ಕೆಲಸ ಮಾಡ್ತೀರಮ್ಮ?” ಅಂತ. “ಏನೂ ಇಲ್ಲ ಸಿಸ್ಟರ್, ಮನೇಲಿರ್ತೀನಿ” ಅಂದರು. ಎರಡು ಹಸು, ಮುಕ್ಕಾಲು ಎಕರೆ ರಾಗಿ, ಟೈಲರಿಂಗ್ ಮಿಷನ್ ಇದೆ ಅವರಿಗೆ. ಅವರ ಚೀಟಿಯನ್ನು ಮೊದಲು ಓದೋಣ.